ಮಗಳ ಪಿಚ್ ಪ್ಲೇಟಿಗೇ ಬೀಳುವುದಿಲ್ಲ, ಪಿಚಿಂಗ್ ಬಿಡಿಸಬೇಕಾ?

ಮಗಳಿಗೆ 11 ವರ್ಷ, ಶಾಲೆಯ ಸಾಫ್ಟ್‌ಬಾಲ್ ಟೀಮಿನಲ್ಲಿ ಈ ವರ್ಷವಷ್ಟೇ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವಳು) ಆಗಿದ್ದಾಳೆ, ವಾಕ್ ಮೇಲೆ ವಾಕ್ (ನಾಲ್ಕು ಚೆಂಡು ಗುರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟು ಮನೆಗೆ ಬಂದು ಅಳುತ್ತಾಳೆ, ಬಿಡಿಸುವುದಾ ಅಂತ ಕೇಳಿದ್ದೀರಿ. ಬಿಡಿಸಬೇಡಿ ಮಾರಾಯ್ರೆ. ಈ ಸೀಸನ್ ಪೂರ್ತಿ ಅವಳ ಹತ್ತಿರ ಸ್ಟ್ರೈಕ್, ಅಂದರೆ ಬ್ಯಾಟರ್ ಮುಂದಿನ ಹೋಮ್ ಪ್ಲೇಟಿನ ಮೇಲೆ ಸರಿಯಾದ ಎತ್ತರದಲ್ಲಿ ಹೋಗುವ ಚೆಂಡು, ಕೇಳುವುದನ್ನು ಬಿಡಿ.

ನಾನು ಉಡುಪಿಯಲ್ಲಿ ಶಾಲಾ ಹುಡುಗಿಯರಿಗೆ ಪಿಚಿಂಗ್ ಹೇಳಿಕೊಡುವವಳು. ‘ಪ್ಲೇಟಿಗೆ ಹಾಕು, ಪ್ಲೇಟಿಗೆ ಹಾಕು’ ಅಂತ ಹೊರಗಿನಿಂದ ಕೂಗಿದ ಕೂಡಲೇ ಮಕ್ಕಳು ಕೈಯ ವೇಗ ಇಳಿಸಿ ಚೆಂಡನ್ನು ದೂಡಲು ಶುರು ಮಾಡುತ್ತಾರೆ. ದೂಡಿದ ಚೆಂಡು ಇವತ್ತು ಪ್ಲೇಟಿಗೆ ಬಿದ್ದೀತು. ಆದರೆ ಎರಡು ವರ್ಷ ಕಳೆದ ಮೇಲೆ ಆ ಅಭ್ಯಾಸ ಬಿಡಿಸುವುದುಂಟಲ್ಲ, ಅದು ದೊಡ್ಡ ರಗಳೆ. ಮೊದಲು ಪೂರ್ತಿ ವೇಗದಲ್ಲಿ ಕೈ ತಿರುಗಲಿ, ಗುರಿ ಆಮೇಲೆ ಬರುತ್ತದೆ.

ನಮ್ಮ ಕಡೆ ಅಂಡರ್‌ಆರ್ಮ್ ಕ್ರಿಕೆಟ್ ಆಡಿದ ಮಕ್ಕಳಿಗೆ ಇದು ಸುಲಭ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಹಾಗೆ ಕಂಡಿಲ್ಲ. ಅಲ್ಲಿ ಕೈ ಹಿಂದೆ ಹೋಗಿ ಮುಂದೆ ಬಂದರೆ ಸಾಕು. ಸಾಫ್ಟ್‌ಬಾಲ್ ಪಿಚರ್‌ಗಳ ವಿಂಡ್‌ಮಿಲ್ ಎಸೆತದಲ್ಲಿ ಕೈ ಕಿವಿಯ ಪಕ್ಕದಿಂದ ಪೂರ್ತಿ ಸುತ್ತು ಹಾಕಿ ಸೊಂಟಕ್ಕೆ ಒತ್ತಿಕೊಂಡ ಹಾಗೆ ಬರಬೇಕು, ತೊಡೆ ದಾಟುವಾಗ ಮಣಿಕಟ್ಟು ಝಾಡಿಸಬೇಕು. ಇದನ್ನು ಗೋಡೆಗೆ 10–15 ಅಡಿ ದೂರದಲ್ಲಿ ನಿಲ್ಲಿಸಿ, ಬರೀ ಮಣಿಕಟ್ಟಿನಿಂದ ಶುರು ಮಾಡಿಸಿ. ಆಮೇಲೆ ಅರ್ಧ ಸುತ್ತು, ಕೊನೆಗೆ ಪೂರ್ತಿ ಸುತ್ತು.

ದೂರದ ವಿಷಯ. ದೊಡ್ಡ ಹೆಂಗಸರ ಪಂದ್ಯದಲ್ಲಿ ಪಿಚಿಂಗ್ ದೂರ 43 ಅಡಿ. ಅಮೆರಿಕದಲ್ಲಿ 12ರ ಒಳಗಿನವರಿಗೆ 40, 10ರ ಒಳಗಿನವರಿಗೆ 35 ಅಡಿ, ಈ 10ರ ಒಳಗಿನವರಿಗೆ ಚೆಂಡೂ ಸಣ್ಣದು. ನಿಮ್ಮ ಮಗಳನ್ನು 43 ಅಡಿಗೆ ನಿಲ್ಲಿಸಿದ್ದರೆ ಚೆಂಡು ಪ್ಲೇಟಿಗೆ ಬರದಿರುವುದರಲ್ಲಿ ಅವಳ ತಪ್ಪೇನೂ ಇಲ್ಲ. ಟೇಪ್ ಹಿಡಿದು ಒಮ್ಮೆ ಅಳೆದು ನೋಡಿ.

ಪಿಚರ್ ನಿಲ್ಲುವ ಪಿಚಿಂಗ್ ಪ್ಲೇಟಿನಿಂದ ಹೋಮ್ ಪ್ಲೇಟಿನವರೆಗೆ ಸುಣ್ಣದಲ್ಲಿ ನೇರ ಗೆರೆ ಎಳೆಯಿರಿ. ಮುಂದಿನ ಕಾಲು ಗೆರೆ ಬಿಟ್ಟು ಅಡ್ಡ ಬಿದ್ದರೆ ಚೆಂಡೂ ಅಡ್ಡ ಹೋಗುತ್ತದೆ. ಚೆಂಡು ಮೇಲೆ ಹೋದರೆ ಬಿಡುವುದು ತಡ ಆಯಿತು, ನೆಲಕ್ಕೆ ಬಡಿದರೆ ಬೇಗ ಆಯಿತು. ಇಷ್ಟು ಅವಳಿಗೇ ತಿಳಿದರೆ ಪ್ರತಿ ಪಿಚ್ ಆದ ಮೇಲೆ ನಿಮ್ಮ ಮುಖ ನೋಡುವುದಿಲ್ಲ. ಕರ್ವ್ (ಪಕ್ಕಕ್ಕೆ ತಿರುಗುವ ಚೆಂಡು), ರೈಸ್ (ಮೇಲೇಳುವ ಹಾಗೆ ಕಾಣುವ ಚೆಂಡು) ಎಲ್ಲ ಈಗ ಬೇಡ. ನೇರ ಚೆಂಡು ಕೂತ ಮೇಲೆ ಚೇಂಜ್‌ಅಪ್ (ಕೈ ಅದೇ ವೇಗದಲ್ಲಿ ತಿರುಗಿದರೂ ನಿಧಾನ ಬರುವ ಚೆಂಡು) ಒಂದು ಸಾಕು.

ಕೈ ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗುವುದಿಲ್ಲ ಅನ್ನುವ ಮಾತನ್ನು ಮಾತ್ರ ನಂಬಬೇಡಿ, ಪಿಟಿ ಮಾಸ್ಟ್ರೇ ಹೇಳಿದರೂ. ಭುಜದ ಮುಂಭಾಗದ ಸ್ನಾಯುರಜ್ಜುವಿಗೆ ತುಂಬಾ ಒತ್ತಡ ಬೀಳುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಏನೊ ಎರಡೇ ದಿನದಲ್ಲಿ ಮೂರು ಪಂದ್ಯಕ್ಕೆ 413 ಪಿಚ್ ಹಾಕಿ ಚಿನ್ನ ಗೆಲ್ಲಿಸಿದ್ದು ನಿಜ. ಆಗ ಅವಳಿಗೆ 26 ವರ್ಷ, ಸಾಲದ್ದಕ್ಕೆ ವರ್ಷಗಟ್ಟಲೆ ತಯಾರಿ. 11ರ ಹುಡುಗಿಯ ಕೈಯಲ್ಲಿ ಏಳೂ ಇನ್ನಿಂಗ್ಸ್ ಹಾಕಿಸಬಾರದು. ಎರಡು ಇನ್ನಿಂಗ್ಸ್ ಆದ ಮೇಲೆ ಬದಲಿಸಿ ಅಂತ ಕೋಚ್ ಹತ್ತಿರ ಕೇಳಿ, ಇನ್ನಿಬ್ಬರನ್ನು ತಯಾರು ಮಾಡಲಿ. ಭುಜದ ಮುಂದೆ ನೋವು ಅಂದ ದಿನ ಚೆಂಡು ಮುಟ್ಟಿಸಬೇಡಿ, ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ.

ಮಳೆಗಾಲದಲ್ಲಿ ಮೈದಾನ ಸಿಗುವುದಿಲ್ಲ ಅನ್ನುವ ಚಿಂತೆ ಬೇಡ. ಜಗಲಿಯಲ್ಲಿ ಹಳೆ ಕಾಲುಚೀಲ ಉಂಡೆ ಮಾಡಿ ಎಸೆಯಲಿ, ಚೆಂಡು ಎಲ್ಲಿಗೆ ಹೋಯಿತು ಅನ್ನುವ ತಲೆಬಿಸಿಯೇ ಇಲ್ಲ. ಬಿಸಿಲು ಕಾಲದಲ್ಲಿ ಬೆವರಿಗೆ ಚೆಂಡು ಜಾರುತ್ತದೆ, ಅದಕ್ಕೆ ಒಂದು ಬೈರಾಸು ಬ್ಯಾಗಿನಲ್ಲಿರಲಿ.

ಪಿಚ್ ಮಾಡದ ಇನ್ನಿಂಗ್ಸ್‌ನಲ್ಲಿ ಬೆಂಚಿನಲ್ಲಿ ಕೂರಿಸದೆ ಸೆಕೆಂಡ್ ಬೇಸೋ ಔಟ್‌ಫೀಲ್ಡೋ ಕೊಡಿಸಿ. ಎರಡು ಸೀಸನ್ ಕಳೆದ ಮೇಲೂ ಅವಳಿಗೇ ಬೇಡ ಅನ್ನಿಸಿದರೆ ಆಗ ಬಿಡಲಿ, ಅಷ್ಟರಲ್ಲಿ ಬೇರೆ ಜಾಗವೂ ಕಲಿತಿರುತ್ತಾಳೆ.