ಸಂಪಾದಕರ ಉತ್ತರ: ಊರು ನುಂಗಿದ ಹಳ್ಳಿಗಳಲ್ಲಿ ಹುಡುಕಿ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ಮುಂದಿನ ತಿಂಗಳು ಧಾರವಾಡದಿಂದ ನಮ್ಮ ಮಾವನವರು ಬರುತ್ತಿದ್ದಾರೆ. ನಿವೃತ್ತ ಕನ್ನಡ ಮೇಷ್ಟ್ರು. ಲಾಲ್‌ಬಾಗ್, ವಿಧಾನಸೌಧ, ಟಿಪ್ಪು ಅರಮನೆ ಎಲ್ಲ ಹೋದ ಸಲವೇ ಆಯಿತು. ಬಾದಾಮಿ, ಹಂಪಿ ಸುತ್ತಿದವರಿಗೆ ಬೆಂಗಳೂರಲ್ಲಿ ತೋರಿಸೋಕೆ ಇನ್ನೇನಿದೆ? ಕೆಂಪೇಗೌಡರಿಗಿಂತ ಮುಂಚೆ ಇಲ್ಲಿ ಕಾಡು, ಆಮೇಲೆ ಒಂದು ಪೇಟೆ, ಒಂದು ದಂಡು ಅಷ್ಟೇ ಅಲ್ವಾ? ನಮ್ಮ ಹತ್ತಿರ ಕಾರಿಲ್ಲ. ಏನಾದರೂ ಇದ್ದರೆ ತಿಳಿಸಿ."

ಅಷ್ಟೇ ಅಲ್ಲ. ಈ ಪ್ರಶ್ನೆ ನಮಗೆ ಆಗಾಗ ಬರುತ್ತದೆ, ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಬೆಂಗಳೂರಿನ ಹಳೆಯ ಇತಿಹಾಸ ಅರಮನೆಗಳಲ್ಲಿ ಇಲ್ಲ, ಊರ ನಡುವೆಯೂ ಇಲ್ಲ. ಬೆಳೆಯುತ್ತಾ ಬೆಳೆಯುತ್ತಾ ಊರು ನುಂಗಿಕೊಂಡ ಹಳ್ಳಿಗಳಲ್ಲಿದೆ. ಹೆಬ್ಬಾಳ, ಬೇಗೂರು, ಮಡಿವಾಳ, ದೊಮ್ಮಲೂರು ಅಂದರೆ ನಮಗೆ ಫ್ಲೈಓವರ್ ಮತ್ತು ಟ್ರಾಫಿಕ್ ನೆನಪಾಗುತ್ತದೆ. ಆದರೆ ಈ ಒಂದೊಂದು ಊರೂ ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕಿಂತ ಎಷ್ಟೋ ಹಳೆಯದು. ಅದಕ್ಕೆ ಸಾಕ್ಷಿ ಕಲ್ಲಿನ ಮೇಲೇ ಇದೆ. ನಿಮ್ಮ ಮಾವನವರು ಕನ್ನಡ ಮೇಷ್ಟ್ರು ಅಂದಿರಲ್ಲ, ಈ ಕಲ್ಲುಗಳನ್ನು ಅವರಿಗೆ ತೋರಿಸದೆ ಇನ್ಯಾರಿಗೆ ತೋರಿಸುತ್ತೀರಿ?

ಮೊದಲು ಹೆಬ್ಬಾಳಕ್ಕೆ ಹೋಗಿ. ಫ್ಲೈಓವರ್ ಬಿಟ್ಟು ಹಳೆಯ ಊರಿನೊಳಗೆ ನಡೆಯಿರಿ. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಅತಿ ಹಳೆಯದು. ರಟ್ಟರ ದಂಡು ಮೇಲೆ ಬಿದ್ದಾಗ ಹೋರಾಡಿ ಸತ್ತ ಕಿಟ್ಟಯ್ಯ ಎಂಬವನ ಕಲ್ಲು ಅದು. ಈ ಸೀಮೆಯನ್ನು ಶಾಸನ 'ಪೆರ್ಬೊಳಲ್‌ನಾಡು ಮೂವತ್ತು' ಎಂದು ಕರೆಯುತ್ತದೆ. ಕಿಟ್ಟಯ್ಯ ರಾಜನಲ್ಲ, ದೇವಸ್ಥಾನ ಕಟ್ಟಿಸಿದವನಲ್ಲ. ಊರು ಕಾಯಲು ಹೋಗಿ ಸತ್ತ ಒಬ್ಬ ಮನುಷ್ಯ. ಅವನ ಹೆಸರು, ಕತ್ತಿ ಹಿಡಿದು ನಿಂತ ಅವನ ರೂಪ, ಎರಡೂ ಉಳಿದಿವೆ. ಕಲ್ಲಿಗೆ ಈಗ ಮಂಟಪವೂ ಆಗಿದೆ. ಇದು ಸಾಧ್ಯವಾಗಿದ್ದು ಆಸಕ್ತರು ಮತ್ತು ಊರಿನವರು ಹಟ ಹಿಡಿದು ನಿಂತದ್ದರಿಂದ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಎರಡನೆಯದು ಬೇಗೂರು. ಇಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 900ರ ಒಂದು ಕಲ್ಲಿದೆ. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತ ಸಂಗತಿ ಅದರಲ್ಲಿದೆ. ಗಮನಿಸಿ, ಊರಿನ ಹೆಸರು ಆಗಲೇ ಬೆಂಗಳೂರು. ಆ ಕಾಳಗ ಯಾಕಾಯಿತು ಎಂದು ಕಲ್ಲು ಹೇಳುವುದಿಲ್ಲ. ಆದರೆ ನಾಗತ್ತರ ಯಾರೆಂದು ತಿಳಿಯಲು ಇನ್ನೊಂದು ಕಲ್ಲಿದೆ. ಬೇಗೂರಿನಲ್ಲೇ ಸಿಕ್ಕಿದ ಅದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ನಡೆದ ಯುದ್ಧದಲ್ಲಿ ನಾಗತ್ತರ ಗಂಗರ ಪರವಾಗಿ ಕಾದಾಡಿ ಸತ್ತ. ಆಮೇಲೆ ದೊರೆ ಎರೆಯಪ್ಪ ಇರುಗ ಎಂಬವನಿಗೆ 'ನಾಗತ್ತರ' ಎಂಬ ಪಟ್ಟವನ್ನೇ ಕಟ್ಟಿ, ಬೇಗೂರಿನ ಸುತ್ತಲಿನ ಹನ್ನೆರಡು ಹಳ್ಳಿಗಳನ್ನು ಕೊಟ್ಟ. ಆನೆ, ಕುದುರೆ, ಬಿದ್ದ ಸೈನಿಕರು, ಇಡೀ ಯುದ್ಧವೇ ಆ ಕಲ್ಲಿನ ಮೇಲಿದೆ. ಬೇಗೂರಿನ ಕಲ್ಲು ನೋಡಿದ ಮಾರನೇ ದಿನ ಮ್ಯೂಸಿಯಂಗೆ ಹೋದರೆ ಒಂದೇ ಮನೆತನದ ಎರಡು ಸಾವುಗಳ ಕಥೆ ಪಕ್ಕಪಕ್ಕ ಬರುತ್ತದೆ. ಬಾದಾಮಿಯಲ್ಲಿ ಸಿಗುವ ವೈಭವ ಇಲ್ಲಿಲ್ಲ. ಆದರೆ ಸಾಮಾನ್ಯ ಜನರ ಹೆಸರುಗಳಿವೆ, ನನಗೆ ಅದೇ ಜಾಸ್ತಿ ಇಷ್ಟ. ಮ್ಯೂಸಿಯಂ ತೆರೆದಿದೆಯೇ ಎಂದು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಮಡಿವಾಳದ ಸೋಮೇಶ್ವರ ಮತ್ತು ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನಗಳನ್ನು ಸಮಯವಿದ್ದರೆ ಸೇರಿಸಿಕೊಳ್ಳಿ. ಎರಡರಲ್ಲೂ ತಮಿಳು ಶಾಸನಗಳಿವೆ. ಮಡಿವಾಳದ 1247ರ ಶಾಸನದಲ್ಲಿ ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನು ದೇವರಿಗೆ ಬಿಟ್ಟ ವಿಷಯವಿದೆ. ದೊಮ್ಮಲೂರಿನ ಕಲ್ಲುಗಳಲ್ಲಿ ಊರಿನ ಹೆಸರು ತೊಂಬಲೂರು.

ಇನ್ನು ನಿಮ್ಮ ಮನೆ ಹತ್ತಿರದ ಮಾತು. ರಾಜಾಜಿನಗರದಲ್ಲಿ ಹಸಿರು ಮೆಟ್ರೋ ಹತ್ತಿದರೆ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಕೆಲವೇ ನಿಮಿಷ. ಅಲ್ಲಿಂದ ಮಲ್ಲೇಶ್ವರದ ದೇವಸ್ಥಾನ ಬೀದಿಗೆ ಹೋಗಿ. ಕಾಡು ಮಲ್ಲೇಶ್ವರನನ್ನು ನೀವು ನೋಡಿರಬಹುದು. ಅಲ್ಲಿನ 1669ರ ಶಾಸನ ನೋಡಿದ್ದೀರಾ? ಬಿಜಾಪುರದ ದಂಡು 1638ರಲ್ಲಿ ಬೆಂಗಳೂರು ಗೆದ್ದ ಮೇಲೆ ಊರು ಶಹಾಜಿಗೆ ಜಹಗೀರಾಗಿ ಸಿಕ್ಕಿತು. ಅವನ ಮಗ, ಶಿವಾಜಿಯ ಮಲತಮ್ಮ ಏಕೋಜಿ, ಮಲ್ಲಿಕಾರ್ಜುನ ದೇವರಿಗೆ ಮೇದರ ನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ. ಈಗ ಆ ಹಳ್ಳಿಯ ಹೆಸರೂ ಯಾರಿಗೂ ಗೊತ್ತಿಲ್ಲ. ಮಲ್ಲೇಶ್ವರ ಬಡಾವಣೆಯಾಗಿದ್ದು 1898ರ ಪ್ಲೇಗಿನ ನಂತರ, ಜನ ಪೇಟೆ ಬಿಟ್ಟು ಗಾಳಿ ಬೆಳಕಿರುವ ಜಾಗಕ್ಕೆ ಬಂದಾಗ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗೇ ದಕ್ಷಿಣಮುಖ ನಂದಿ ತೀರ್ಥವಿದೆ. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತದೆ, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತದೆ. 1990ರ ದಶಕದ ಕೊನೆಯವರೆಗೆ ಅದೆಲ್ಲ ಮಣ್ಣಿನಡಿ ಮುಚ್ಚಿಹೋಗಿತ್ತು.

ನಿಮ್ಮ ಪಕ್ಕದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟೇ ಸಿಕ್ಕಿತ್ತು, ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದ್ದು. ಅಲ್ಲಿ ಈಗ ನೋಡಲು ಏನೂ ಇಲ್ಲ. ಆದರೂ ಮಾವನವರಿಗೆ ಹೇಳಿ. ಕೆಂಪೇಗೌಡರಿಗಿಂತ ಮುಂಚೆ ಇಲ್ಲಿ ಬರೀ ಕಾಡಿತ್ತು ಅನ್ನುವ ಮಾತಿಗೆ ಅದೂ ಒಂದು ಉತ್ತರ.

ಅದೇ ಮೆಟ್ರೋದಲ್ಲಿ ಮುಂದೆ ಹೋಗಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಕೋಟೆ. ಟಿಪ್ಪು ಅರಮನೆಗೆ ಹೋದವರು ಇದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಒಳಗೆ ಹೋಗುವವರು ಕಡಿಮೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಸುತ್ತಲಿನ ಸ್ವಲ್ಪ ಗೋಡೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಫಲಕವಿದೆ. ನುಗ್ಗಿದವರ ಸುದ್ದಿ ಮಾತ್ರ ಅದರಲ್ಲಿದೆ. ಆ ರಾತ್ರಿ ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನನ ಹೆಸರನ್ನು ಜೊತೆಗೆ ಬಂದವರಿಗೆ ನೀವೇ ಹೇಳಬೇಕು. ಭಾನುವಾರ ಬೆಳಗ್ಗೆ ಹೋದರೆ ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಯ ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ. ಆಗ ತಲೆಯೆತ್ತಿ ನೋಡಿ, ಬೋರ್ಡುಗಳ ಮೇಲೆ ಹಳೆಯ ಮರದ ಕಟಕಟೆಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ.

ಒಂದು ಕಳವಳವನ್ನೂ ಹೇಳಿಬಿಡುತ್ತೇನೆ. ಶಾಸನ ವಿದ್ವಾಂಸ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಒಂಬತ್ತನೇ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇವತ್ತು ಇದ್ದ ಜಾಗದಲ್ಲಿಲ್ಲ. ರಸ್ತೆ, ಮೋರಿ, ಸೈಟುಗಳ ಕೆಲಸದಲ್ಲಿ ಹೋದವು. ಉಳಿದವುಗಳನ್ನು ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಬಹಳ ದೊಡ್ಡ ಕೆಲಸ ಅದು. ನಿಮ್ಮ ಸುತ್ತಮುತ್ತ ಎಲ್ಲಾದರೂ ಅಕ್ಷರವಿರುವ ಕಲ್ಲು ಬಿದ್ದಿರುವುದು ಕಂಡರೆ ಫೋಟೋ ತೆಗೆದು ಅವರಿಗೆ ತಿಳಿಸಿ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ, ಎಣ್ಣೆ ಬಳಿಯಬೇಡಿ, ಗೀಚಬೇಡಿ.

ಕೊನೆಗೆ, ಮಾವನವರು ಕಲ್ಲಿನ ಲಿಪಿಯನ್ನು ನೇರವಾಗಿ ಓದಲು ಕಷ್ಟಪಡಬಹುದು, ಗಂಗರ ಕಾಲದ ಅಕ್ಷರ ಇಂದಿನಂತಿಲ್ಲ. ಬೇಗೂರಿನ ಕಲ್ಲುಗಳ ಪಾಠ ರೈಸ್ ಸಂಪುಟದಲ್ಲಿ ಇಂದಿನ ಕನ್ನಡ ಲಿಪಿಯಲ್ಲೇ ಸಿಗುತ್ತದೆ. ಸಂಪುಟ ಇಂಟರ್ನೆಟ್‌ನಲ್ಲಿದೆ. ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ ಕೈಗೆ ಕೊಟ್ಟುಬಿಡಿ. ಹಳಗನ್ನಡ ಕಲಿಸಿದವರಿಗೆ ಆಮೇಲೆ ಯಾವ ಗೈಡೂ ಬೇಕಾಗುವುದಿಲ್ಲ.

– ಸಂಪಾದಕ