ಓದುಗರ ಪ್ರಶ್ನೆ: ಲಂಚ ತಡೆಯುವ ಸಂಸ್ಥೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಸಂಜೆ ಗ್ರಂಥಾಲಯದಲ್ಲಿ ಸೇರುವ ನಮ್ಮಂಥ ನಿವೃತ್ತ ನೌಕರರ ನಡುವೆ ಒಂದು ವಾದ ಬಗೆಹರಿಯದೆ ಉಳಿದಿದೆ. ಸಿಬಿಐ ಹೂಡಿದ ಮೊಕದ್ದಮೆಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಶಿಕ್ಷೆಯಲ್ಲಿ ಮುಗಿಯುತ್ತವೆ, ಆದ್ದರಿಂದ ಅದು ಸಮರ್ಥ ಸಂಸ್ಥೆ ಎಂದು ಒಬ್ಬರು ಹೇಳುತ್ತಾರೆ. 2024ರ ಭ್ರಷ್ಟಾಚಾರ ಸೂಚ್ಯಂಕದಲ್ಲಿ ಭಾರತ 96ನೆಯ ಸ್ಥಾನದಲ್ಲಿರುವಾಗ ಸಿಬಿಐಯೂ ಕೇಂದ್ರದ ಭ್ರಷ್ಟಾಚಾರದ ದೂರುಗಳನ್ನು ನೋಡುವ ಲೋಕಪಾಲವೂ ಸೋತಂತೆಯೇ ಎಂದು ಇನ್ನೊಬ್ಬರ ವಾದ. ಯಾರದು ಸರಿ?
— ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಇಬ್ಬರ ಅಂಕಿಗಳೂ ಸರಿಯಾಗಿವೆ, ಆದರೆ ಅವುಗಳಿಂದ ಇಬ್ಬರೂ ತೆಗೆದ ತೀರ್ಮಾನ ನಿಲ್ಲುವುದಿಲ್ಲ. ಸೂಚ್ಯಂಕದ ಮಾತನ್ನು ಬೇಗ ಮುಗಿಸಬಹುದು. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯು 180 ದೇಶಗಳಿಗೆ ನೀಡುವ ಈ ಅಂಕ, ಸರ್ಕಾರಿ ವಲಯದ ಭ್ರಷ್ಟಾಚಾರದ ಬಗ್ಗೆ ತಜ್ಞರು ಮತ್ತು ಉದ್ಯಮಿಗಳು ಹೊಂದಿರುವ ಅಭಿಪ್ರಾಯದ ಸಂಗ್ರಹ. ಭಾರತಕ್ಕೆ ಆ ವರ್ಷ ನೂರಕ್ಕೆ 38 ಅಂಕ ಬಂದಿತ್ತು. ಅದು ದೇಶದ ಬಗೆಗಿನ ಅಭಿಪ್ರಾಯವೇ ಹೊರತು ಯಾವುದೇ ಒಂದು ತನಿಖಾ ಸಂಸ್ಥೆಯ ಪರೀಕ್ಷೆಯಲ್ಲ.

ಶಿಕ್ಷೆಯ ಪ್ರಮಾಣದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ನೋಡಬೇಕು. ಎಪ್ಪತ್ತು ಎಂಬ ಈ ಅಂಕಿಯನ್ನು ಆಯಾ ವರ್ಷ ತೀರ್ಪು ಬಂದ ಮೊಕದ್ದಮೆಗಳಿಂದಷ್ಟೇ ಲೆಕ್ಕ ಹಾಕುತ್ತಾರೆ. ಎಫ್‌ಐಆರ್ ಹಂತಕ್ಕೇ ಬಾರದ ದೂರು, ಮೊಕದ್ದಮೆ ಹೂಡಲು ಸರ್ಕಾರದ ಮಂಜೂರಾತಿಗಾಗಿ ಕಾದಿರುವ ಕಡತ, ವಿಚಾರಣೆಯಲ್ಲಿ ಕೊಳೆಯುತ್ತಿರುವ ಮೊಕದ್ದಮೆ, ಇವು ಯಾವುವೂ ಅದರೊಳಗೆ ಬರುವುದಿಲ್ಲ. ಕೇಂದ್ರ ಜಾಗೃತ ಆಯೋಗದ ವಾರ್ಷಿಕ ವರದಿಯ ಪ್ರಕಾರ 2024ರ ಕೊನೆಗೆ ಸಿಬಿಐಯ ಏಳು ಸಾವಿರಕ್ಕೂ ಹೆಚ್ಚು ಭ್ರಷ್ಟಾಚಾರ ಮೊಕದ್ದಮೆಗಳು ನ್ಯಾಯಾಲಯಗಳಲ್ಲಿ ಬಾಕಿ ಇದ್ದವು, ಅವುಗಳಲ್ಲಿ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಹತ್ತು ವರ್ಷ ದಾಟಿದ್ದವು. ಅಷ್ಟು ಹೊತ್ತಿಗೆ ಆರೋಪಿ ನಿವೃತ್ತನಾಗಿರುತ್ತಾನೆ, ಸಾಕ್ಷಿಗೆ ಮರೆವು ಬಂದಿರುತ್ತದೆ.

ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ: ಸಣ್ಣವರ ಮೇಲಿನ ಮೊಕದ್ದಮೆ ಗೆಲ್ಲುವುದು ದೊಡ್ಡವರ ಮೇಲಿನದ್ದಕ್ಕಿಂತ ಸುಲಭ. ಲಂಚ ಪಡೆಯುವಾಗಲೇ ಹಿಡಿಯುವ ದಾಳಿಯಲ್ಲಿ ನೋಟುಗಳಿಗೆ ಮೊದಲೇ ಫಿನಾಲ್ಫ್ಥಲೀನ್ ಪುಡಿ ಸವರಿರುತ್ತಾರೆ. ಹಣ ಮುಟ್ಟಿದವನ ಬೆರಳುಗಳನ್ನು ಪಂಚರ (ಸ್ವತಂತ್ರ ಸಾಕ್ಷಿಗಳ) ಎದುರಿಗೆ ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಯಲ್ಲಿ ತುಂಬಿ, ಮುದ್ರೆ ಹಾಕಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ದೂರುದಾರ ನ್ಯಾಯಾಲಯದಲ್ಲಿ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಲಂಚದ ಬೇಡಿಕೆಯನ್ನು ಸಾಬೀತುಪಡಿಸಲು ಅವಕಾಶವಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಹೀಗಾಗಿ ಐದು ಸಾವಿರ ರೂಪಾಯಿ ಪಡೆದ ಗುಮಾಸ್ತನ ಮೇಲಿನ ಮೊಕದ್ದಮೆ ಸಾಮಾನ್ಯವಾಗಿ ಗಟ್ಟಿಯಾಗಿಯೇ ನಿಲ್ಲುತ್ತದೆ. ದೊಡ್ಡ ಟೆಂಡರಿನಲ್ಲಿ ಮೇಲಧಿಕಾರಿಯೊಬ್ಬರು ಬರೆದ ಟಿಪ್ಪಣಿಯೇ ಅಪರಾಧವಾಗಿದ್ದಾಗ ಪರಿಸ್ಥಿತಿ ಬೇರೆ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿಸಿದ 17ಎ ಕಲಮಿನಂತೆ, ನೌಕರನು ಕರ್ತವ್ಯದಲ್ಲಿ ಕೊಟ್ಟ ಶಿಫಾರಸು ಅಥವಾ ತೆಗೆದುಕೊಂಡ ನಿರ್ಧಾರದ ಬಗ್ಗೆ ತನಿಖೆ ಆರಂಭಿಸುವ ಮೊದಲೇ ಸರ್ಕಾರದ ಅನುಮತಿ ಬೇಕು. ಸ್ಥಳದಲ್ಲೇ ಕೈಗೆ ಸಿಕ್ಕವನಿಗೆ ಈ ರಕ್ಷಣೆ ಇಲ್ಲ. ಸಂಸ್ಥೆಯೊಂದು ಸಣ್ಣ ಮೀನುಗಳನ್ನಷ್ಟೇ ಹಿಡಿಯುತ್ತ ಹೋದರೂ ಅದರ ಶಿಕ್ಷೆಯ ಪ್ರಮಾಣ ಏರುತ್ತದೆ. ಆದ್ದರಿಂದ ಎಷ್ಟು ಶಿಕ್ಷೆಯಾಯಿತು ಎಂಬುದರ ಜೊತೆಗೆ ಯಾವ ದರ್ಜೆಯವರಿಗೆ, ಎಷ್ಟು ವರ್ಷಗಳ ನಂತರ ಆಯಿತು ಎಂಬುದನ್ನೂ ಕೇಳದಿದ್ದರೆ ಎಪ್ಪತ್ತು ಎಂಬ ಅಂಕಿ ಏನನ್ನೂ ಹೇಳದು.

ಇನ್ನು, ಸಂಸ್ಥೆಯ ತಪ್ಪನ್ನೂ ಅದನ್ನು ಕಟ್ಟಿದ ಸರ್ಕಾರದ ತಪ್ಪನ್ನೂ ಬೇರೆಬೇರೆಯಾಗಿ ನೋಡಬೇಕು. ಲೋಕಪಾಲದ ಕಥೆಯಲ್ಲಿ ಈ ಎರಡೂ ಹೆಣೆದುಕೊಂಡಿವೆ. ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿಯಲ್ಲಿ, ಮೊದಲ ಅಧ್ಯಕ್ಷರ ನೇಮಕವಾದದ್ದು 2019ರ ಮಾರ್ಚ್‌ನಲ್ಲಿ. ಅವರು 2022ರ ಮೇ ತಿಂಗಳಲ್ಲಿ ನಿವೃತ್ತರಾದ ಮೇಲೆ ಸುಮಾರು ಎರಡು ವರ್ಷ ಪೂರ್ಣಾವಧಿ ಅಧ್ಯಕ್ಷರೇ ಇರಲಿಲ್ಲ. ಇದರ ಹೊಣೆ ಸರ್ಕಾರದ್ದು. ಆದರೆ ಭ್ರಷ್ಟಾಚಾರದ ಆರೋಪಿಗಳಲ್ಲಿ ಒಬ್ಬರ ಮೇಲೂ ಲೋಕಪಾಲ ಮೊಕದ್ದಮೆ ಹೂಡಿಲ್ಲವೆಂದೂ, ಬಹಳಷ್ಟು ದೂರುಗಳು ನಿಗದಿತ ನಮೂನೆಯಲ್ಲಿಲ್ಲ ಎಂಬ ಕಾರಣಕ್ಕೇ ವಿಲೇವಾರಿಯಾಗಿವೆಯೆಂದೂ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲಿ ಬೇಸರಪಟ್ಟಿತು. ನಮೂನೆಯ ತಪ್ಪನ್ನು ದೂರುದಾರನಿಗೆ ತಿಳಿಸಿ ತಿದ್ದಿಸುವುದು ಸಂಸ್ಥೆಯ ಕೈಯಲ್ಲೇ ಇದ್ದ ಕೆಲಸ. 2025ರಲ್ಲಿ ಲೋಕಪಾಲ ಏಳು ಬಿಎಂಡಬ್ಲ್ಯೂ ಕಾರುಗಳಿಗೆ ಟೆಂಡರ್ ಕರೆದಾಗ ಎದ್ದ ಗದ್ದಲದ ಅರ್ಧದಷ್ಟಾದರೂ ಗಮನ ಈ ಸಂಗತಿಗೆ ಸಿಗಬೇಕಿತ್ತು ಎಂಬುದು ನನ್ನ ಅನಿಸಿಕೆ.

ಸಂಸ್ಥೆಯ ಬಲ ಅದನ್ನು ಕಟ್ಟಿದವರ ಕೈಯಲ್ಲಿರುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಇಂಡೋನೇಷ್ಯಾದ ಕೆಪಿಕೆ ಎಂಬ ಭ್ರಷ್ಟಾಚಾರ ತಡೆ ಆಯೋಗ ತನ್ನ ಮೊದಲ ವರ್ಷಗಳಲ್ಲಿ ಸಚಿವರು, ಶಾಸಕರು, ಪ್ರಾಂತ್ಯಗಳ ಗವರ್ನರುಗಳನ್ನೇ ಕಟಕಟೆಗೆ ತಂದಿತು, ಅದು ಹೂಡಿದ ಮೊಕದ್ದಮೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಶಿಕ್ಷೆಯಲ್ಲಿ ಮುಗಿದವು. 2019ರಲ್ಲಿ ಸಂಸತ್ತು ಕಾನೂನು ತಿದ್ದಿ, ಆಯೋಗದ ಮೇಲೊಂದು ಮೇಲ್ವಿಚಾರಣಾ ಮಂಡಳಿಯನ್ನು ಕೂರಿಸಿ, ಅದರ ಸಿಬ್ಬಂದಿಯನ್ನು ಸರ್ಕಾರಿ ನೌಕರರನ್ನಾಗಿ ಮಾಡಿತು. ನಮ್ಮಲ್ಲೇ ನೋಡಿದರೆ, 2016ರಲ್ಲಿ ರಚನೆಯಾದ ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿ, ತನಿಖೆಯ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಪ್ರತಿ ಪ್ರಕರಣಕ್ಕೂ ಬೇರೆ ಅನುಮತಿ ಕೇಳದೆ ರಾಜ್ಯದಲ್ಲಿ ತನಿಖೆ ನಡೆಸಲು ಸಿಬಿಐಗೆ ಹಿಂದೆ ನೀಡಿದ್ದ ಸಾಮಾನ್ಯ ಒಪ್ಪಿಗೆಯನ್ನು ಕರ್ನಾಟಕವು 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆದಿರುವುದರಿಂದ, ಮುಂದೆ ಇಲ್ಲಿ ಸಿಬಿಐ ಪ್ರಕರಣಗಳು ಕಡಿಮೆಯಾದರೆ ಲಂಚ ಇಳಿಯಿತೆಂದು ತಮ್ಮ ಗೆಳೆಯರು ವಾದಿಸಬಾರದು.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರದ ಕಡತ ಮುಂದೆ ಸಾಗಿಸಲು ಕಚೇರಿಯೊಂದರಲ್ಲಿ ಹಣ ಕೇಳುತ್ತಿದ್ದಾರೆ. ನೇರವಾಗಿ ದೆಹಲಿಯ ಲೋಕಪಾಲಕ್ಕೇ ಬರೆದರೆ ಬೇಗ ಕೆಲಸವಾಗುವುದೇ?
— ಓದುಗರು, ಬಾಗಲಕೋಟೆ

ಉತ್ತರ: ಆಗದು. ಲೋಕಪಾಲದ ವ್ಯಾಪ್ತಿ ಮುಖ್ಯವಾಗಿ ಕೇಂದ್ರದ ಸಚಿವರು, ಸಂಸದರು ಮತ್ತು ಕೇಂದ್ರ ಸರ್ಕಾರದ ನೌಕರರಿಗೆ ಸೀಮಿತವಾಗಿದೆ. ರಾಜ್ಯ ಸರ್ಕಾರದ ಕಚೇರಿಯ ಮೇಲಿನ ತಮ್ಮ ದೂರು ಅಲ್ಲಿ ವ್ಯಾಪ್ತಿಗೆ ಬಾರದ್ದೆಂದು ಮುಗಿದುಹೋಗುತ್ತದೆ, ವರ್ಷದ ಕೊನೆಗೆ ವಿಲೇವಾರಿಯಾದ ದೂರುಗಳ ಸಂಖ್ಯೆಗೆ ಒಂದು ಸೇರುತ್ತದೆ. ತಾವು ಹೋಗಬೇಕಾದದ್ದು ಲೋಕಾಯುಕ್ತ ಪೊಲೀಸರ ಬಳಿಗೆ, ಅದೂ ಹಣ ಕೊಡುವ ಮೊದಲು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವಾಗಿದೆ. ಒತ್ತಾಯಕ್ಕೆ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆ ಇದೆ. ಮೊದಲೇ ತಿಳಿಸಿ, ದಾಳಿಗೆ ನೆರವಾಗಲೆಂದು ಹಣ ಕೊಟ್ಟವರಿಗೂ ಆ ಅಪರಾಧ ಅನ್ವಯಿಸದು.