ಫ್ರೆಟರ್ನಿಟಿ ಸೇರಲು ಮಗನಿಗೆ ಕರೆ ಬಂದಿದೆ, ಒಪ್ಪಲೋ ಬೇಡವೋ?

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಡಿಗ್ರಿ ಮೊದಲ ವರ್ಷದಲ್ಲಿದ್ದಾನೆ. ಅವನ ಕಾಲೇಜಿನ ಒಂದು ಫ್ರೆಟರ್ನಿಟಿಯ (ಹುಡುಗರ ವಿದ್ಯಾರ್ಥಿ ಸಂಘದ) ಚಾಪ್ಟರ್‌ನವರು ‘ನಮ್ಮ ಜೊತೆ ಸೇರು’ ಅಂತ ಬಿಡ್, ಅಂದರೆ ಆಹ್ವಾನ, ಕೊಟ್ಟಿದ್ದಾರಂತೆ. ನೂರು ವರ್ಷಕ್ಕಿಂತ ಹಳೇ ಚಾಪ್ಟರ್, ಸ್ನೇಹ, ಓದು, ಸೇವೆ ಇವೇ ಅವರ ಮೌಲ್ಯಗಳು ಅಂತ ಫೋನಿನಲ್ಲಿ ಖುಷಿಯಿಂದ ಹೇಳುತ್ತಾನೆ. ನಾನು ಕೇಳಿರುವುದೆಲ್ಲ ಕುಡಿತ, ರ‍್ಯಾಗಿಂಗ್, ಸಾವಿನ ಸುದ್ದಿ. ಏನು ಹೇಳಲಿ ಅವನಿಗೆ?

ಉತ್ತರ: ಅಮ್ಮ, ಮಗ ಹೇಳುತ್ತಿರುವುದೂ ನಿಜ, ನೀವು ಕೇಳಿರುವುದೂ ನಿಜ. ಒಂದೇ ಹೆಸರಿನ ಫ್ರೆಟರ್ನಿಟಿಗೆ ಬೇರೆ ಬೇರೆ ಕಾಲೇಜುಗಳಲ್ಲಿ ಶಾಖೆಗಳಿರುತ್ತವೆ, ಅವೇ ಚಾಪ್ಟರ್‌ಗಳು, ಒಂದು ಚಾಪ್ಟರ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಹಾಗಾಗಿ ‘ಫ್ರೆಟರ್ನಿಟಿ ಒಳ್ಳೆಯದಾ ಕೆಟ್ಟದ್ದಾ’ ಅಂತ ಕೇಳಿ ಪ್ರಯೋಜನವಿಲ್ಲ. ಈ ಚಾಪ್ಟರ್ ಇಷ್ಟು ವರ್ಷ ಯಾರನ್ನು ಒಳಗೆ ಬಿಟ್ಟುಕೊಂಡಿತು, ಬಂದ ಹೊಸಬರನ್ನು ಹೇಗೆ ನಡೆಸಿಕೊಂಡಿತು, ಇವೆರಡನ್ನು ಕೇಳಿ. ಮೌಲ್ಯ ಗೊತ್ತಾಗುವುದು ಅಲ್ಲೇ. ಗೋಡೆಯ ಮೇಲೆ ಸ್ನೇಹ, ಸೇವೆ ಅಂತ ಎಲ್ಲರೂ ಬರೆದುಕೊಂಡಿರುತ್ತಾರೆ.

ಫ್ರೆಟರ್ನಿಟಿಗಳಿಗೆ ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳ ಹೆಸರು, ಹಾಗೆ ಹೆಸರಿಟ್ಟುಕೊಂಡ ಮೊದಲ ಸಂಘ ಫೈ ಬೀಟಾ ಕಪ್ಪಾ. 1776ರ ಡಿಸೆಂಬರ್ 5ರಂದು, ಅಂದರೆ ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ಐದು ತಿಂಗಳಿಗೆ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರು ಅದನ್ನು ಕಟ್ಟಿದರು. ಗುಟ್ಟಾಗಿ ಸೇರುವುದು, ಚರ್ಚೆ ಮಾಡುವುದು, ತಮ್ಮವರಿಗೆ ಮಾತ್ರ ಗೊತ್ತಿರುವ ರೀತಿಯಲ್ಲಿ ಕೈ ಕುಲುಕುವುದು ಎಲ್ಲ ಆಗಲೇ ಇತ್ತು. ಈಗ ಅದು ಚೆನ್ನಾಗಿ ಓದುವವರಿಗೆ ಸಿಗುವ ಗೌರವ ಅಷ್ಟೆ. ನಿಮ್ಮ ಮಗ ಸೇರಬೇಕೆಂದಿರುವಂಥ ಫ್ರೆಟರ್ನಿಟಿಗಳ ದಾರಿ ಶುರುವಾಗಿದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ಕಪ್ಪಾ ಆಲ್ಫಾ ಸೊಸೈಟಿಯಿಂದ. ಆಗಿನ ಕಾಲೇಜು ಅಂದರೆ ಪ್ರಾರ್ಥನೆ, ಬಾಯಿಪಾಠ, ಕಟ್ಟುನಿಟ್ಟು. ಮನೆ ಬಿಟ್ಟು ಬಂದ ಹುಡುಗರಿಗೆ ತಮ್ಮದೇ ಅನ್ನುವ ಒಂದು ಗುಂಪು ಬೇಕಿತ್ತು. ಆ ಆಸೆಯಲ್ಲಿ ತಪ್ಪೇನೂ ಇಲ್ಲ, ನಿಮ್ಮ ಮಗನಿಗೂ ಇವತ್ತು ಬೇಕಿರುವುದು ಅದೇ ಅಲ್ವಾ?

ತಪ್ಪಾಗಿದ್ದು ಬಾಗಿಲಲ್ಲಿ. ಬಹಳಷ್ಟು ಫ್ರೆಟರ್ನಿಟಿಗಳು ಬಿಳಿಯ ಕ್ರೈಸ್ತರಿಗೆ ಮಾತ್ರ ಪ್ರವೇಶ ಅಂತ ನಿಯಮದಲ್ಲೇ ಬರೆದಿಟ್ಟುಕೊಂಡಿದ್ದವು. ಹೊರಗೆ ನಿಂತವರು ಸುಮ್ನೆ ಕೂರಲಿಲ್ಲ. 1906ರ ಡಿಸೆಂಬರ್ 4ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಏಳು ಜನ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಕಟ್ಟಿದರು. ಅದಕ್ಕೂ ಸ್ವಲ್ಪ ಮುಂಚೆ ಅಲ್ಲಿಗೆ ಬಂದಿದ್ದ ಆರು ಕಪ್ಪು ವಿದ್ಯಾರ್ಥಿಗಳು ಮರುವರ್ಷ ಓದಲು ವಾಪಸ್ ಬಂದಿರಲೇ ಇಲ್ಲ. ಅಷ್ಟು ಒಂಟಿತನ, ಅಷ್ಟು ಕಷ್ಟ. ಜೊತೆಗೆ ಕೂತು ಓದೋಣ, ಒಬ್ಬರನ್ನೊಬ್ಬರು ಕಾಲೇಜಿನಲ್ಲಿ ಉಳಿಸಿಕೊಳ್ಳೋಣ ಅಂತ ಶುರುವಾದ ಗುಂಪು ಅದು. ಮುಂದೆ ‘ಮತವಿಲ್ಲದ ಜನಕ್ಕೆ ಭರವಸೆಯೂ ಇಲ್ಲ’ ಅನ್ನುವ ಅರ್ಥದ ಘೋಷಣೆ ಹಿಡಿದು ಕಪ್ಪು ಜನರನ್ನು ಮತದಾರರಾಗಿ ನೋಂದಾಯಿಸಲು ಓಡಾಡಿತು. ಮಾರ್ಟಿನ್ ಲೂಥರ್ ಕಿಂಗ್ 1952ರಲ್ಲಿ, ಬಾಸ್ಟನ್‌ನಲ್ಲಿ ಓದುತ್ತಿದ್ದಾಗ, ಇದೇ ಸಂಘ ಸೇರಿದರು. 2011ರಲ್ಲಿ ವಾಷಿಂಗ್ಟನ್‌ನಲ್ಲಿ ತೆರೆದ ಕಿಂಗ್ ಸ್ಮಾರಕಕ್ಕಾಗಿ ಮೊದಲಿನಿಂದ ಹಟ ಹಿಡಿದು ದುಡಿದವರೂ ಈ ಸಂಘದವರೇ. ಸೇವೆ ಅನ್ನೋ ಮಾತನ್ನು ಇವರು ಹೇಳಿದರೆ ನಾನು ನಂಬುತ್ತೇನೆ.

ಇನ್ನೊಂದು ಘಟನೆ ನನಗೆ ತುಂಬಾ ಇಷ್ಟ. 1948ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರ್ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಹೊರಟಿತು. ಎಲ್ಲ ಚಾಪ್ಟರುಗಳ ಮೇಲಿರುವ ರಾಷ್ಟ್ರೀಯ ಸಂಘ ಆ ಚಾಪ್ಟರನ್ನೇ ಅಮಾನತು ಮಾಡಿತು. ಹುಡುಗರು ಜಗ್ಗಲಿಲ್ಲ, ಅವನನ್ನು ಬಿಟ್ಟುಕೊಡಲಿಲ್ಲ, ಬೇರೆಯಾಗಿಯೇ ನಡೆದರು. ಸಹೋದರತ್ವ ಅಂತ ದೊಡ್ಡ ಸಂಘ ಬರೆದಿಟ್ಟಿತ್ತು, ಅದರಂತೆ ನಡೆದದ್ದು ಒಂದು ಸಣ್ಣ ಚಾಪ್ಟರ್.

ಇನ್ನು ನಿಮ್ಮ ಭಯದ ವಿಷಯ. ನಾವು ರ‍್ಯಾಗಿಂಗ್ ಅನ್ನುವುದನ್ನು ಅಲ್ಲಿ ಹೇಜಿಂಗ್ ಅನ್ನುತ್ತಾರೆ, ಅದು ಹೊಸದಲ್ಲ. 1873ರಲ್ಲೇ ಕಾರ್ನೆಲ್‌ನಲ್ಲಿ ಫ್ರೆಟರ್ನಿಟಿ ಸೇರಲು ಹೋದ ಹುಡುಗನೊಬ್ಬ ರಾತ್ರಿ ಕಮರಿಗೆ ಬಿದ್ದು ಸತ್ತ. 2017ರಲ್ಲಿ ಪೆನ್ ಸ್ಟೇಟ್‌ನಲ್ಲಿ 19 ವರ್ಷದ ಹುಡುಗನಿಗೆ ಕಡಿಮೆ ಹೊತ್ತಿನಲ್ಲಿ ಸಿಕ್ಕಾಪಟ್ಟೆ ಕುಡಿಸಿದರು, ಅವನು ಮೆಟ್ಟಿಲಿನಿಂದ ಬಿದ್ದ, ಮನೆ ತುಂಬ ‘ಸಹೋದರರು’ ಇದ್ದರೂ ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಅವನು ಬದುಕಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಸಾವಿನ ನಂತರ ಪೆನ್ಸಿಲ್ವೇನಿಯಾ 2018ರಲ್ಲಿ ಕಾನೂನನ್ನು ಬಿಗಿ ಮಾಡಿತು.

ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಬಂದ ಕಾನೂನು. ಯಾವ ಸಂಘ ಹೇಜಿಂಗ್ ಮಾಡಿ ಸಿಕ್ಕಿಬಿತ್ತು, ಏನು ಶಿಕ್ಷೆ ಕೊಟ್ಟೆವು ಅನ್ನುವುದನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮಗನ ಜೊತೆ ಕೂತು ಅದನ್ನು ನೋಡಿ. ಆ ಚಾಪ್ಟರಿನ ಹೆಸರು ಅಲ್ಲಿದ್ದರೆ ಬೇಡ ಅನ್ನಿ. ಇಲ್ಲದಿದ್ದರೂ, ಮೊದಲ ಕೆಲವು ವಾರ ಹೊಸಬರು ಏನೇನು ಮಾಡಬೇಕು ಅಂತ ಅವನು ಅವರನ್ನೇ ಕೇಳಲಿ. ‘ಅದು ಗುಟ್ಟು, ಮನೆಯವರಿಗೂ ಹೇಳಬಾರದು’ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ದೀಕ್ಷೆಯ ದಿನದ ಮಂತ್ರದಂಥ ಮಾತುಗಳು ಗುಟ್ಟಾಗಿದ್ದರೆ ಇರಲಿ, ಮಗ ರಾತ್ರಿ ಎಲ್ಲಿದ್ದ ಅನ್ನುವುದು ಗುಟ್ಟಾಗಬಾರದು.

ಪ್ರಶ್ನೆ: ಚಾಪ್ಟರ್ ಹೆಸರುಗಳಲ್ಲೂ ಆಲ್ಫಾ, ಬೀಟಾ ಬರುತ್ತಲ್ಲ, ಯಾಕೆ?

ಉತ್ತರ: ಹುಟ್ಟಿದ ಕ್ರಮ. ಸಾಮಾನ್ಯವಾಗಿ ಮೊದಲ ಚಾಪ್ಟರ್ ಆಲ್ಫಾ, ಎರಡನೆಯದು ಬೀಟಾ, 24 ಅಕ್ಷರ ಮುಗಿದ ಮೇಲೆ ಆಲ್ಫಾ ಆಲ್ಫಾ, ಆಲ್ಫಾ ಬೀಟಾ ಹೀಗೆ. ಕೆಲವು ಸಂಘಗಳು ಕೊನೆಯ ಅಕ್ಷರವಾದ ಒಮೇಗಾವನ್ನು ಯಾವ ಕಾಲೇಜಿಗೂ ಕೊಡುವುದಿಲ್ಲ, ತೀರಿಕೊಂಡ ಸದಸ್ಯರು ಒಮೇಗಾ ಚಾಪ್ಟರ್‌ಗೆ ಸೇರಿದರು ಅನ್ನುತ್ತಾರೆ.

ಪ್ರಶ್ನೆ: ನಾನು ಅಮೆರಿಕಕ್ಕೆ ಓದಲು ಹೊರಟಿದ್ದೇನೆ. ನಮ್ಮವರದೇ ಫ್ರೆಟರ್ನಿಟಿಗಳು ಇವೆಯಂತೆ, ಅವುಗಳಲ್ಲಿ ಈ ತೊಂದರೆ ಇರೋದಿಲ್ಲ ಅಲ್ವಾ?

ಉತ್ತರ: ಇವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಸಿಗ್ಮಾ ಬೀಟಾ ರೋ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ 1998ರಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಲಾಸ್ ಏಂಜಲೀಸ್‌ನ ಯುಸಿಎಲ್‌ಎನಲ್ಲಿ 1999ರಲ್ಲಿ ಬೀಟಾ ಕೈ ಥೀಟಾ ಹುಟ್ಟಿದವು. ದಕ್ಷಿಣ ಏಷ್ಯಾ ಮೂಲದ ಹುಡುಗರು ಕಟ್ಟಿದ ಸಂಘಗಳು, ಹೊಸ ಊರಿನಲ್ಲಿ ಒಂಟಿ ಅನಿಸಿದಾಗ ನಿಜಕ್ಕೂ ಆಸರೆ.

ಆದರೆ ನಮ್ಮವರು ಅಂದ ಮಾತ್ರಕ್ಕೆ ತೊಂದರೆ ಇರೋದಿಲ್ಲ ಅಂದುಕೊಳ್ಳಬೇಡಿ. 2013ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಲ್ಲಿ ಸತ್ತ ಹೊಸ ಹುಡುಗ ಏಷ್ಯನ್ ಅಮೆರಿಕನ್ನರ ಫ್ರೆಟರ್ನಿಟಿಗೆ ಸೇರಲು ಹೋಗಿದ್ದವನು. ಕಣ್ಣು ಕಟ್ಟಿ, ಬೆನ್ನಿಗೆ ಭಾರದ ಚೀಲ ಹೊರಿಸಿ, ಕತ್ತಲಲ್ಲಿ ಮತ್ತೆ ಮತ್ತೆ ಕೆಡವಿದ್ದರು. ಮೇಲೆ ಆ ಅಮ್ಮನಿಗೆ ಹೇಳಿದ, ಕಾಲೇಜಿನ ವೆಬ್‌ಸೈಟಿನಲ್ಲಿರುವ ಹೇಜಿಂಗ್ ಪಟ್ಟಿಯನ್ನು ನೀವೂ ನೋಡಿ. ಹೋದ ವರ್ಷ ಸೇರಿ ಆಮೇಲೆ ಬಿಟ್ಟವರು ಯಾರಾದರೂ ಇದ್ದರೆ ಅವರ ಹತ್ತಿರ ಮಾತಾಡಿ. ಈಗ ಒಳಗಿರುವವರಿಗಿಂತ ಜಾಸ್ತಿ ಅವರೇ ಹೇಳುತ್ತಾರೆ. ಬಿಡ್ ಬಂದ ತಕ್ಷಣ ಹೂಂ ಅನ್ನಬೇಕಿಲ್ಲ, ಮುಂದಿನ ಸೆಮಿಸ್ಟರ್‌ವರೆಗೂ ಕಾಯಬಹುದು.